ಹ್ಯಾಂಬರ್ಗಿನ ಗೋದಾಮಿನಲ್ಲಿ ಮಂಗಳೂರಿನ ಮಳೆಗಾಲ

ಮಾರ್ಚ್ ತಿಂಗಳಲ್ಲಿ ಹ್ಯಾಂಬರ್ಗಿಗೆ ಹೋಗುತ್ತೇನೆ ಎಂದಾಗ ಜರ್ಮನಿ ಕಂಡವರೆಲ್ಲ ಮಳೆಯ ಹೆದರಿಕೆ ಹುಟ್ಟಿಸಲು ನೋಡಿದರು. ಮಂಗಳೂರಿನವನಿಗೆ ಮಳೆಯ ಪಾಠವೇ! ಲೆಕ್ಕ ಹಿಡಿದರೆ ಹ್ಯಾಂಬರ್ಗಿನಲ್ಲಿ ವರ್ಷವಿಡೀ ಬೀಳುವುದು 800 ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಜುಲೈ ತಿಂಗಳೊಂದೇ ಸಾಮಾನ್ಯವಾಗಿ ಅದನ್ನು ದಾಟುತ್ತದೆ. ಆದರೆ ಅಲ್ಲಿನ ಮಳೆಯ ಜಾತಿಯೇ ಬೇರೆ. ಅದು ಸುರಿದು ಮುಗಿಸುವುದೂ ಇಲ್ಲ, ನಿಲ್ಲುವುದೂ ಇಲ್ಲ. ಎಲ್ಬೆ ನದಿಯ ಕಡೆಯಿಂದ ಗಾಳಿಯ ಜೊತೆ ಅಡ್ಡಡ್ಡ ಬಂದು ಕನ್ನಡಕದ ಒಳಬದಿಯನ್ನೂ ತೋಯಿಸುತ್ತದೆ. ಬಂದ ಮಧ್ಯಾಹ್ನವೇ ನನ್ನ ಕೊಡೆ ಮಗುಚಿಕೊಂಡು ಕಡ್ಡಿ ಮುರಿಯಿತು. "ಇಲ್ಲಿ ಕೊಡೆ ಹಿಡಿಯುವವರು ಪ್ರವಾಸಿಗರು ಮಾತ್ರ, ಭಾವ" ಎಂದು ಹೆಂಡತಿಯ ತಮ್ಮ ತನ್ನದೊಂದು ಹಳದಿ ರೈನ್‌ಕೋಟು ತೆಗೆದುಕೊಟ್ಟ. ಅವನು ಆ ಊರಿನಲ್ಲಿ ಎಂಜಿನಿಯರ್, ಎತ್ತರದ ಆಳು. ಕೋಟು ನನಗೆ ಮೊಣಕಾಲು ದಾಟುತ್ತಿತ್ತು. ಇರಲಿ ಎಂದು ಅದರಲ್ಲೇ ಊರು ಸುತ್ತಿದೆ.

ನೋಡಲೇಬೇಕು ಎಂದು ಎಲ್ಲರೂ ಹೇಳುವುದನ್ನು ನೋಡಿ ಮುಗಿಸಿದೆ. 2017ರಲ್ಲಿ ತೆರೆದ ಎಲ್ಬ್‌ಫಿಲ್‌ಹಾರ್ಮೊನಿ ಸಂಗೀತ ಭವನದಲ್ಲಿ ಹಳೆಯ ಇಟ್ಟಿಗೆಯ ಗೋದಾಮಿನ ತಲೆಯ ಮೇಲೆ ಗಾಜಿನ ಅಲೆಗಳನ್ನು ಕೂರಿಸಿದ್ದಾರೆ. ನನಗೆ ಕೆಳಗಿನ ಗೋದಾಮೇ ಹಿಡಿಸಿತು. ಭಾನುವಾರ ನಸುಕಿನ ಮೀನು ಮಾರುಕಟ್ಟೆ 1703ರಿಂದ ನಡೆದುಬಂದದ್ದು. ಈಗ ಅಲ್ಲಿ ಮೀನಿಗಿಂತ ಬಾಳೆಹಣ್ಣು, ಹೂಕುಂಡ, ರಾತ್ರಿಯೆಲ್ಲ ಕುಡಿದು ಬೆಳಗು ಮಾಡಿದವರೇ ಹೆಚ್ಚು. ಉಪ್ಪಿನಲ್ಲಿ ನೆನೆಸಿದ ಹಸಿ ಹೆರಿಂಗ್ ಮೀನನ್ನು ಈರುಳ್ಳಿಯ ಜೊತೆ ಬನ್ನಿನೊಳಗೆ ಇಟ್ಟು ಕೊಡುತ್ತಾರೆ. ಊರಿನವರಿಗೆ ಅದು ಪಂಚಪ್ರಾಣ. ಬಂಗುಡೆಗೆ ಮೆಣಸು ಅರೆದು ಹಚ್ಚುವ ಮನೆಯಲ್ಲಿ ಬೆಳೆದ ನನಗೆ, ಅಡುಗೆ ಆರಂಭವಾಗುವ ಮೊದಲೇ ಯಾರೋ ಅವಸರದಲ್ಲಿ ಬಡಿಸಿಬಿಟ್ಟಿದ್ದಾರೆ ಅನ್ನಿಸಿತು. ನಿಜಕ್ಕೂ ಮೆಚ್ಚಿದ್ದು ಎಲ್ಬೆಯ ಹಳೆಯ ಸುರಂಗವನ್ನು. 1911ರದು, ನದಿಯ ಅಡಿಯಲ್ಲಿ 426 ಮೀಟರ್ ಉದ್ದಕ್ಕೆ ನಡೆಯಬಹುದು. ಗೋಡೆಯ ಹೊಳೆಯುವ ಬಿಲ್ಲೆಗಳ ಮೇಲೆ ಅಲ್ಲಲ್ಲಿ ಮೀನು, ಏಡಿಗಳ ಉಬ್ಬುಚಿತ್ರಗಳಿವೆ. ಆ ಊರಿನಲ್ಲಿ ನಾನು ಒದ್ದೆಯಾಗದೆ ನಡೆದ ದಾರಿ ಅದೊಂದೇ, ಅದೂ ನದಿಯ ಕೆಳಗೆ.

ಇನ್ನು ದೋಣಿಯ ವಿಷಯ. ಲಾಂಡುಂಗ್ಸ್‌ಬ್ರೂಕನ್ ಹಡಗುಕಟ್ಟೆಯಲ್ಲಿ ಸವಾರಿಗೆ ಕೂಗಿ ಕರೆಯುವವರು ಸಾಲಾಗಿ ನಿಂತಿರುತ್ತಾರೆ. ಅವರಲ್ಲೊಬ್ಬ, ಹಳೆಯ ಗೋದಾಮುಗಳ ನಡುವಿನ ಕಾಲುವೆಗಳಲ್ಲೆಲ್ಲ ಸುತ್ತಿಸುತ್ತೇವೆ ಎಂದು ಬಣ್ಣದ ಚಿತ್ರ ತೋರಿಸಿ ಹಣ ತೆಗೆದುಕೊಂಡ. ದೋಣಿ ದಡ ಬಿಟ್ಟ ಮೇಲೆ ಮೈಕಿನಲ್ಲಿ ಹೇಳಿದರು: ಇಳಿತದ ಹೊತ್ತು, ಕಾಲುವೆಯಲ್ಲಿ ನೀರಿಲ್ಲ, ಕಂಟೇನರ್ ಹಡಗುಗಳನ್ನು ತೋರಿಸಿ ವಾಪಸು ಕರೆತರುತ್ತೇವೆ. ಹ್ಯಾಂಬರ್ಗ್ ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳಗಿದೆ. ಆದರೂ ಅಲ್ಲಿ ದಿನಕ್ಕೆರಡು ಬಾರಿ ನೀರು ಮೂರು ಮೀಟರಿಗೂ ಮಿಗಿಲಾಗಿ ಏರಿಳಿಯುತ್ತದೆ. ಇಳಿತದಲ್ಲಿ ಕಾಲುವೆಯ ಕೆಸರು ಕಾಣುತ್ತದೆ, ಉಬ್ಬರ ಜೋರಾದರೆ ಸೇತುವೆಯ ಕೆಳಗೆ ದೋಣಿ ತೂರುವುದಿಲ್ಲ. ದಿನವಿಡೀ ಅಲ್ಲೇ ನಿಂತು ಟಿಕೆಟ್ ಮಾರುವವನಿಗೆ ಇದು ಗೊತ್ತಿರಲಿಲ್ಲ ಎಂದರೆ ನಾನು ನಂಬುವವನಲ್ಲ. ಹಣ ಕೇಳಿದ್ದಕ್ಕೆ ಟಿಕೆಟ್ಟಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿದ. ಮುಂದೆ ಹೋಗುವವರು ಆ ದಿನದ ಉಬ್ಬರವಿಳಿತದ ವೇಳೆಯನ್ನು ಮೊಬೈಲಿನಲ್ಲಿ ನೋಡಿಕೊಂಡೇ ಕಿಸೆಗೆ ಕೈ ಹಾಕಿ. ಹಡಗು ನೋಡಿದರೆ ಸಾಕು ಎನ್ನುವವರಿಗೆ 62ನೇ ನಂಬರಿನ ಫೆರ್ರಿ ಇದೆ. ನಗರದ ಬಸ್ಸು, ರೈಲಿನ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ, ಮೈಕಿನ ಹಾಸ್ಯದ ಕಾಟವೂ ಇಲ್ಲ.

ದೋಣಿ ಕೈಕೊಟ್ಟದ್ದರಿಂದ ಆ ಗೋದಾಮುಗಳನ್ನು ಮರುದಿನ ನಡೆದೇ ನೋಡಲು ಹೊರಟೆ. ಸ್ಪೈಖರ್‌ಸ್ಟಾಟ್ ಎಂದರೆ ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಬರೀ ಗೋದಾಮುಗಳು. ಜರ್ಮನಿಯ ಸುಂಕದ ಒಕ್ಕೂಟಕ್ಕೆ ಸೇರಲೇಬೇಕಾಗಿ ಬಂದಾಗ ಹ್ಯಾಂಬರ್ಗಿನ ವರ್ತಕರು, ಸುಂಕ ಕಟ್ಟದೆ ಸರಕು ಇಟ್ಟುಕೊಳ್ಳಲು ತಮಗೊಂದು ಮೂಲೆ ಬೇಕೆಂದು ಹಟ ಹಿಡಿದು ಪಡೆದರು. ಅದಕ್ಕಾಗಿ ಇಪ್ಪತ್ತು ಸಾವಿರದಷ್ಟು ಜನರನ್ನು ಎಬ್ಬಿಸಿ, ಅವರ ಮನೆಗಳನ್ನು ಕೆಡವಿ, 1883ರಲ್ಲಿ ಕಟ್ಟಡ ಆರಂಭಿಸಿದರು. 1888ರಲ್ಲಿ ಕೈಸರ್ ಎರಡನೇ ವಿಲ್‌ಹೆಲ್ಮ್ ಬಂದು ಉದ್ಘಾಟಿಸಿದ. ಎಬ್ಬಿಸಿದವರ ಬಗ್ಗೆ ಮಾರ್ಗದರ್ಶಿ ಫಲಕದಲ್ಲಿದ್ದದ್ದು ಒಂದೇ ಸಾಲು. 2015ರಿಂದ ಇದು ಯುನೆಸ್ಕೊ ಪಟ್ಟಿಯಲ್ಲಿದೆ. ಒದ್ದೆಯಾದ ಇಟ್ಟಿಗೆ ಗೋಡೆಗಳು ಕಾಲುವೆಯಿಂದಲೇ ನೇರ ಎದ್ದು ನಿಲ್ಲುತ್ತವೆ. ಪ್ರತಿ ಗೋದಾಮಿನ ನೆತ್ತಿಯಲ್ಲಿ ಮೂಟೆ ಎಳೆಯುವ ರಾಟೆ. ಈಗ ಒಳಗಿರುವುದು ಹೆಚ್ಚಾಗಿ ಕಚೇರಿಗಳು, ಮಕ್ಕಳು ಮುಗಿಬೀಳುವ ಆಟಿಕೆ ರೈಲಿನ ಪ್ರದರ್ಶನ, ಕೆಲವು ಅಂತಸ್ತುಗಳಲ್ಲಿ ರತ್ನಗಂಬಳಿಗಳು.

ಸಾಂಡ್‌ಟೋರ್‌ಕೈ ಬೀದಿಯಲ್ಲಿ ಇದರದ್ದೇ ಚಿಕ್ಕದೊಂದು ಮ್ಯೂಸಿಯಂ ಇದೆ. ಬಾಗಿಲು ದೂಡಿದ್ದೇ ತಡ, ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ನಮ್ಮ ಬಂದರು ಪೇಟೆಯ ಮಂಡಿಗಳ ವಾಸನೆ. ಬೀಗ, ತಕ್ಕಡಿ, ಮೂಟೆಗೆ ಹಾಕುವ ಕೊಕ್ಕೆ ಎಲ್ಲವನ್ನೂ ಗಾಜಿನ ಹಿಂದೆ ಇಡದೆ ಕೈಗೆಟಕುವಂತೆ ಇಟ್ಟಿದ್ದಾರೆ. ಎಂಬತ್ತು ದಾಟಿದ ಹಿರಿಯರೊಬ್ಬರು ವಿವರಿಸುತ್ತಿದ್ದರು. ಹುಡುಗನಾಗಿದ್ದಾಗಿನಿಂದ ಇವೇ ಗೋದಾಮುಗಳಲ್ಲಿ ದುಡಿದವರು. ಸರಕು ಇಳಿಸಿಕೊಂಡು, ತೂಗಿ, ಮಾದರಿ ತೆಗೆದು, ಕೊಳ್ಳುವವರು ಬರುವವರೆಗೆ ಕಾಯುವುದು ಅವರ ಕಸುಬು. 1968ರಲ್ಲಿ ಮೊದಲ ಕಂಟೇನರ್ ಹಡಗು ಬಂತು. ಆಮೇಲೆ ಆ ಕಸುಬು ವರ್ಷ ವರ್ಷಕ್ಕೂ ಸವೆಯುತ್ತ ಹೋಯಿತು.

ಅವರು ನನ್ನ ಕೈಗೆ ಚೂಪು ಮೂತಿಯ ಪೊಳ್ಳು ಕೊಳವೆಯೊಂದನ್ನು ಕೊಟ್ಟು, ತುಂಬಿದ ಗೋಣಿಗೆ ಚುಚ್ಚಿ ಎಂದರು. ನೂಲು ಹರಿಯಬಾರದು, ಎಳೆಗಳ ನಡುವೆ ನುಗ್ಗಬೇಕು. ಕೊಳವೆಯಿಂದ ಕಾಫಿ ಬೀಜ ಜರ್ರನೆ ಅಂಗೈಗೆ ಇಳಿಯಿತು. ಹೊರತೆಗೆದ ಮೇಲೆ ಅದರ ಮೂತಿಯಿಂದಲೇ ಗೋಣಿಯನ್ನು ಎರಡು ಸಲ ಕೆರೆದರು, ತೂತು ಮಾಯ. ನಂತರ ಮೇಜಿನ ಮೇಲಿದ್ದ ತಟ್ಟೆಗಳತ್ತ ಕರೆದರು. ಎಲ್ಲವೂ ಹುರಿಯದ ಬೀಜಗಳು, ಹಸಿರು, ನೀಲಿ ಛಾಯೆಯ ಹಸಿರು, ಬೂದು. ಕೊನೆಯ ತಟ್ಟೆಯಲ್ಲಿದ್ದವು ಮಾತ್ರ ಉಬ್ಬಿಕೊಂಡು, ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು.

"ಇದು ಯಾವ ದೇಶದ್ದು, ಹೇಳಿ" ಎಂದರು ಇಂಗ್ಲಿಷಿನಲ್ಲಿ.

"ಭಾರತದ್ದು. ಮಾನ್ಸೂನ್ ಮಲಬಾರ್. ಹೆಸರು ಮಲಬಾರ್, ತಯಾರಾಗುವುದು ನನ್ನ ಊರಿನಲ್ಲಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮಂಗಳೂರು?" ಎಂದು ಅವರೇ ಕೇಳಿದರು. ಚೀಲದ ಮೇಲೆ ಕಪ್ಪು ಮಸಿಯಲ್ಲಿ ಅಚ್ಚೊತ್ತಿದ ಆ ಅಕ್ಷರಗಳನ್ನು ಎಷ್ಟೋ ವರ್ಷ ನೋಡಿದ್ದರಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಬೀಜ ಕಂಡು, ಸಮುದ್ರದ ನೀರು ಹೊಕ್ಕು ಸರಕು ಕೆಟ್ಟಿದೆ ಎಂದು ಓಡಿಹೋಗಿ ಯಜಮಾನರಿಗೆ ತಿಳಿಸಿ ನಗೆಪಾಟಲಾಗಿದ್ದರಂತೆ. ಹಡಗಿನ ತಳದಲ್ಲಿ ಹೀಗಾಗುತ್ತದೆ ಎಂದು ಯಾರೋ ಹೇಳಿದ್ದನ್ನು ಇಂದಿಗೂ ನಂಬಿದ್ದರು.

ಹಿಂದೆ ಹಾಗೆಯೇ ಆಗುತ್ತಿತ್ತು ಎಂದೆ. ಹಾಯಿ ಹಡಗುಗಳು ಆಫ್ರಿಕಾ ಸುತ್ತಿ ಯುರೋಪಿಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಬೀಜ ತೇವ ಕುಡಿದು ಉಬ್ಬಿ, ಹುಳಿ ಕಳೆದುಕೊಂಡು, ಬಣ್ಣಗೆಡುತ್ತಿತ್ತು. ಇಲ್ಲಿನವರ ನಾಲಿಗೆ ಅದಕ್ಕೇ ಒಗ್ಗಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದ ಮೇಲೆ ಬೀಜ ಹಸಿರಾಗಿಯೇ ತಲುಪತೊಡಗಿತು. ಹಳೆಯ ರುಚಿ ಬೇಕು ಎಂದವರಿಗಾಗಿ ನಮ್ಮ ಕರಾವಳಿಯಲ್ಲಿ ಮಳೆಗಾಲವನ್ನೇ ಕೆಲಸಕ್ಕೆ ಹಚ್ಚಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಆಡುವ ಗೋದಾಮಿನಲ್ಲಿ ಬೀಜವನ್ನು ನಾಲ್ಕೈದು ಇಂಚು ದಪ್ಪಕ್ಕೆ ಹರಡಿ, ಮತ್ತೆ ಮತ್ತೆ ಕೆದಕಿ, ಸಡಿಲವಾಗಿ ಗೋಣಿಗೆ ತುಂಬಿ, ಗಾಳಿ ಹಾಯುವಂತೆ ಸಾಲು ಬಿಟ್ಟು ಜೋಡಿಸುತ್ತಾರೆ.

"ಬೇಕೆಂದೇ ಬಾಗಿಲು ತೆರೆದಿಡುತ್ತೀರಾ? ಮಳೆಗಾಲದಲ್ಲಿ?"

"ಹೌದು."

ಅವರು ಪಕ್ಕದ ಗೋಡೆಯನ್ನು ಗುದ್ದಿ ತೋರಿಸಿದರು. ಇಷ್ಟು ದಪ್ಪದ ಇಟ್ಟಿಗೆ ಕಟ್ಟಿದ್ದು ಒಳಗಿನ ಹವೆ ಏರುಪೇರಾಗದಿರಲಿ ಎಂದು. ಬದುಕಿಡೀ ಅವರು ಮಾಡಿದ್ದು ತೇವವನ್ನು ಹೊರಗಿಡುವ ಕೆಲಸ. ಒಂದು ಮೂಟೆ ಒದ್ದೆಯಾದರೆ ವಿಮೆಯವರು, ವಕೀಲರು ಎಲ್ಲರೂ ಬಂದು ನಿಲ್ಲುತ್ತಿದ್ದರು. "ನೀವು ಒದ್ದೆ ಮಾಡಿ ಹೆಚ್ಚು ಬೆಲೆ ಪಡೆಯುತ್ತೀರಿ" ಎಂದು ತಲೆ ಕೊಡವಿದರು. ಮೆಚ್ಚುಗೆಯೋ ಆಕ್ಷೇಪವೋ ತಿಳಿಯಲಿಲ್ಲ.

ಆಗ ದೊಡ್ಡಮ್ಮನ ವಿಷಯ ಹೇಳಿದೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಅವರು ಮಂಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬೀಜ ಆರಿಸುತ್ತಿದ್ದರು. ಕಪ್ಪು, ಒಡಕು, ಹುಳ ಕೊರೆದದ್ದನ್ನು ಬೇರೆ ಮಾಡುವ ಕೆಲಸ. ಸಂಜೆ ಬಂದರೆ ಸೆರಗಿನಲ್ಲಿ ಕಾಫಿಯೂ ಅಲ್ಲದ, ಮಣ್ಣೂ ಅಲ್ಲದ ಒಂದು ವಾಸನೆ. ಆ ಕಾಫಿಯ ರುಚಿ ಅವರಿಗೆ ಗೊತ್ತಿರಲಿಲ್ಲ, ಮನೆಯಲ್ಲಿ ಕುಡಿಯುತ್ತಿದ್ದದ್ದು ಚಿಕೋರಿ ಬೆರೆಸಿದ ಪುಡಿ. ಚೀಲಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ, "ಹಡಗಿಗೆ" ಎಂದು ಮಾತು ಮುಗಿಸುತ್ತಿದ್ದರು.

"ಇಲ್ಲಿಯೂ ಹೆಂಗಸರೇ ಆರಿಸುತ್ತಿದ್ದರು" ಎಂದು ಅವರು ಗೋಡೆಯ ಮೇಲಿನ ಹಳೆಯ ಫೋಟೊ ತೋರಿಸಿದರು. ಉದ್ದನೆಯ ಮೇಜು, ಎರಡೂ ಬದಿ ತಲೆಗೆ ಬಟ್ಟೆ ಕಟ್ಟಿ ಕುಳಿತ ಹೆಂಗಸರು. ಬೆರಳಲ್ಲಿ ವರ್ಷ ಎಣಿಸಿ, "ಹಾಗಾದರೆ ನಿಮ್ಮ ದೊಡ್ಡಮ್ಮ ಆರಿಸಿದ್ದನ್ನು ನಾನು ತೂಗಿರಲೂಬಹುದು" ಎಂದರು. ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ. ಕೊನೆಗೆ, "ತೂಕ ಸರಿ ಇರುತ್ತಿತ್ತೇ?" ಎಂದು ಕೇಳಿದೆ.

"ಒಮ್ಮೊಮ್ಮೆ ಹೆಚ್ಚೇ ಇರುತ್ತಿತ್ತು. ನಿಮ್ಮ ಮಳೆಯದೂ ಸೇರಿ!"

ಮೈದುನ ಎರಡು ಬಾರಿ ಬಂದು, "ಭಾವ, ಮುಚ್ಚುವ ಹೊತ್ತಾಯಿತು" ಎಂದು ಎಚ್ಚರಿಸಿದ ಮೇಲೆಯೇ ಹೊರಟದ್ದು. ಹೊರಡುವಾಗ ಆ ಹಿರಿಯರು, ಬೀಜ ಹದಕ್ಕೆ ಬಂದಿದೆ ಎಂದು ಯಾರು ನಿರ್ಧರಿಸುತ್ತಾರೆ ಎಂದು ಕೇಳಿದರು. ದೊಡ್ಡಮ್ಮ ಇದ್ದಿದ್ದರೆ ಹೇಳುತ್ತಿದ್ದರು. ಊರಿಗೆ ಹೋಗಿ ವಿಚಾರಿಸಿ ಬರೆಯುತ್ತೇನೆ ಎಂದು ಮ್ಯೂಸಿಯಮ್ಮಿನ ವಿಳಾಸ ಬರೆದುಕೊಂಡೆ.

ಹತ್ತಿರದಲ್ಲೇ ಕಾಫಿ ಹುರಿಯುವ ಅಂಗಡಿಯೊಂದಿದೆ. ಕಪಾಟಿನಲ್ಲಿ ಮಾನ್ಸೂನ್ ಮಲಬಾರ್ ಪೊಟ್ಟಣವೂ ಇತ್ತು. ಜರ್ಮನಿಯಲ್ಲಿ ಹುರಿದ ಕಾಫಿಯ ಮೇಲೆ ಕಿಲೋಗೆ 2.19 ಯೂರೊ ತೆರಿಗೆಯೇ ಇದೆ ಎಂದು ಮೈದುನ ಹೇಳಿದ. ನಮ್ಮೂರಿನ ಗೋದಾಮಿನ ಸರಕಿಗೆ ನಾನು ಯೂರೊ ಕೊಡುವುದೇ? ಇಥಿಯೋಪಿಯದ ಕಾಫಿ ಕೊಂಡು ತಂದೆ. ಅದನ್ನು ಫಿಲ್ಟರಿಗೆ ಹಾಕಿ ಒಂದು ಗುಟುಕು ಕುಡಿದ ಹೆಂಡತಿ, "ಹಾಲು ಒಡೆದಿದೆಯೋ ಏನೋ ನೋಡಿ" ಎಂದಳು.