911ರ ಮಡಚುವ ಸ್ಟೆಪ್ನಿ

ಎಂಬತ್ತರ ದಶಕದ ಪೋರ್ಷೆ 911ರ ಮುಂದಿನ ಡಿಕ್ಕಿಯಲ್ಲಿ ಗಾಳಿಯಿಲ್ಲದೆ ಮಡಚಿಟ್ಟ ಸ್ಟೆಪ್ನಿ ಇರುತ್ತದೆ. ಅದರ ಬಟನ್, ಅಂದರೆ ನೆಲ ಹಿಡಿಯುವ ಉಬ್ಬುಗಳು, ಚೂರೂ ಸವೆದಿರುವುದಿಲ್ಲ. ಹೊಳಪು ನೋಡಿ ವಯಸ್ಸು ಅಳೆಯುವ ನಮ್ಮ ಚಾಳಿ ಇಲ್ಲೂ ಕೈಕೊಡುತ್ತದೆ. ಓಡುವ ಟಯರ್ ಬಳುಕಿದಾಗ ರಬ್ಬರನ್ನು ಬಿರುಕುಬಿಡಿಸುವ ಓಝೋನ್ ಅನಿಲವನ್ನು ತಡೆಯುವ ಮೇಣ ಒಳಗಿನಿಂದ ಮೇಲಕ್ಕೆ ಬರುತ್ತದೆ. ಕೂತೇ ಇದ್ದ ಟಯರಿಗೆ ಆ ಭಾಗ್ಯವಿಲ್ಲ, ಮಡಿಕೆಯಲ್ಲೇ ಬಿರುಕು ಬಿಡುತ್ತದೆ.

ಟಯರಿನ ಪಕ್ಕದಲ್ಲಿ ಅಚ್ಚೊತ್ತಿರುವ ಡಾಟ್ (DOT) ಕೋಡಿನ ಕೊನೆಯ ಅಂಕಿಗಳು ಅದು ತಯಾರಾದ ಕಾಲ ಹೇಳುತ್ತವೆ. ಕೊನೆಗೆ ಮೂರೇ ಅಂಕಿಯಿದ್ದರೆ ಅದು 2000ಕ್ಕೂ ಹಿಂದಿನದು, ಯೋಚಿಸದೆ ಎಸೆಯಿರಿ. ನಾಲ್ಕು ಅಂಕಿಯಿದ್ದರೆ, ಉದಾಹರಣೆಗೆ 2314 ಅಂದರೆ 2014ರ 23ನೇ ವಾರ. ಹತ್ತು ವರ್ಷ ದಾಟಿದ್ದು ಬೇಡ.

ಚಕ್ರ ಕೂರಿಸಿ, ಜಾಕ್ ಇಳಿಸುವ ಮೊದಲೇ ಕಾರಿನ ಜೊತೆ ಬಂದ 12 ವೋಲ್ಟ್ ಪಂಪಿನಿಂದ ಗಾಳಿ ತುಂಬಿ. ಗಂಟೆಗೆ 80 ಕಿ.ಮೀ. ಮೀರಬೇಡಿ. ಆ ಹಳೇ ಪಂಪು ಓಡುತ್ತದೆಯೇ ಎಂದು ಮನೆಯಲ್ಲಿರುವಾಗಲೇ ನೋಡಿಕೊಳ್ಳಿ.