ನಮ್ಮ ನೀರಲ್ಲಿ ನಮ್ಮ ಮೀನು ಯಾವುದು?

ಲಿಸ್ಬನ್‌ಗೆ ಬಂದು ನಾಲ್ಕು ವರ್ಷವಾದರೂ ಇಲ್ಲಿನ ಓಷನಾರಿಯೋ ನೋಡಿರಲಿಲ್ಲ. ಹೋದ ಶನಿವಾರ ಮಗಳ ಕಾಟ ತಡೆಯಲಾರದೆ ಹೋದೆ. ವಾಸ್ಕೋ ಡ ಗಾಮ ಇದೇ ಊರಿನಿಂದ ಹೊರಟು ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ. ಅದಕ್ಕೆ ಐನೂರು ವರ್ಷ ತುಂಬಿದಾಗ, 1998ರಲ್ಲಿ, ಇಲ್ಲೊಂದು ವಿಶ್ವಮೇಳ ನಡೆಯಿತು. ಆ ಮೇಳಕ್ಕೆಂದು ಕಟ್ಟಿದ ಮತ್ಸ್ಯಾಲಯ ಇದು.

ನಡುವೆ 50 ಲಕ್ಷ ಲೀಟರ್ ನೀರಿನ ತೊಟ್ಟಿ. ಗಾಜಿನಾಚೆ ಮೆಲ್ಲಗೆ ಒಂದು ಸನ್‌ಫಿಶ್ ಬಂತು. ಬೀಸುಕಲ್ಲನ್ನು ನಿಲ್ಲಿಸಿ ಮೇಲೊಂದು ಕೆಳಗೊಂದು ರೆಕ್ಕೆ ಸಿಕ್ಕಿಸಿದ ಹಾಗಿತ್ತು. ಹಿಂದೆ ಬಾಲವೇ ಇಲ್ಲ. "ಅಮ್ಮಾ, ಇದರ ಬಾಲ ಯಾರು ಕತ್ತರಿಸಿದ್ದು?" ಅಂದಳು ಮಗಳು. ಅದು ಇರೋದೇ ಹಾಗೆ ಅಂದೆ. ನಂಬಲಿಲ್ಲ.

ತೊಟ್ಟಿಯ ಸುತ್ತ ನಾಲ್ಕು ಸಾಗರಗಳ ದಡ ಮಾಡಿದ್ದಾರೆ. ಹಿಂದೂ ಮಹಾಸಾಗರದ ಕಡೆ ಬಂದಾಗ ಸುಮ್ನೆ ಹೇಳಿದೆ: "ನಮ್ಮ ಕಾವೇರಿ ಕೊನೆಗೆ ಸೇರೋದು ಈ ಕಡಲನ್ನೇ." ಅವಳು ಗಾಜಿಗೆ ಮೂಗು ಒತ್ತಿ ಕೇಳಿದಳು: "ಹಾಗಾದ್ರೆ ಇದು ನಮ್ಮ ನೀರಾ? ಇದರಲ್ಲಿ ನಮ್ಮ ಮೀನು ಯಾವುದು?"

ನಮ್ಮ ನೀರು! ಮಂಡ್ಯದವಳಿಗೆ ಈ ಮಾತು ಹೊಸದಾ? ರಸ್ತೆತಡೆ, ಬಂದ್, ಘೋಷಣೆ, ಇವುಗಳ ನಡುವೆಯೇ ಬೆಳೆದವಳು ನಾನು. ಪೇಪರ್ ಬಂದ ತಕ್ಷಣ ಅಪ್ಪ ನೋಡುತ್ತಿದ್ದದ್ದು ಕನ್ನಂಬಾಡಿ ಕಟ್ಟೆಯ ಮಟ್ಟ. 124.80 ಅಡಿ ತುಂಬಿದ ದಿನ ಮನೆಯಲ್ಲಿ ಪಾಯಸ. ಅಡಿ, ಕ್ಯೂಸೆಕ್, ಟಿಎಂಸಿ ಎಲ್ಲ ಬಾಯಿಪಾಠ. ಆದರೆ ಆ ನೀರಲ್ಲಿ ಯಾವ ಮೀನಿದೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ನಮ್ಮ ಮೀನು ಬಿಳಿಮೀನು. ಮಹಸೀರ್ ಜಾತಿ. ಕಿತ್ತಳೆ ರೆಕ್ಕೆ, ಬೆನ್ನ ಮೇಲೆ ಗೂನು. ಹೊಳೆ ಮೀನು, ಕಡಲಿನದಲ್ಲ. ಕಾವೇರಿ ಮತ್ತು ಅದಕ್ಕೆ ಸೇರುವ ಹೊಳೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗನ್ ಅವರ ಗಾಳಕ್ಕೆ ಸಿಕ್ಕಿದ್ದು 120 ಪೌಂಡ್ ತೂಗಿತ್ತು. ಅಂದರೆ 54 ಕಿಲೋ! 2018ರಲ್ಲಿ ಅದು ತೀರಾ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಹೊಳೆಗೆ ಕಟ್ಟೆ ಹಾಕಿದೆವು, ಮರಳು ಬಗೆದೆವು, ಮದ್ದು ಸಿಡಿಸಿ ಮೀನು ಹಿಡಿದೆವು. ಒಳ್ಳೆಯದಾಗಲಿ ಅಂತ ತಂದು ಬಿಟ್ಟ ಬೇರೆ ಜಾತಿಯ ಮಹಸೀರ್ ಮರಿಗಳು ಇದರ ಜಾಗ ಹಿಡಿದವು. ನೀರಿಗಾಗಿ ರಸ್ತೆಗಿಳಿದವರ ಮೇಲೆ ನನಗೆ ಸಿಟ್ಟಿಲ್ಲ. ಗದ್ದೆ ಒಣಗಿದ ಸಂಕಟ ನಮ್ಮ ಮನೆಯದೂ ಹೌದು. ಆದರೆ ನೀರು ನಮ್ಮದು ಅಂದ ಮೇಲೆ ಮೀನೂ ನಮ್ಮದೇ ಅಲ್ವಾ?

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ಚಿಕ್ಕವನಿದ್ದಾಗ ಮುತ್ತತ್ತಿಯ ಮಡುವಿನಲ್ಲಿ ಬಿಳಿಮೀನು ನೋಡಿದ್ದೆ ಅಂದರು. ನನಗೆ ಇದುವರೆಗೆ ಹೇಳಿಯೇ ಇರಲಿಲ್ಲ.

"ಎಷ್ಟು ದೊಡ್ಡದಿತ್ತು ತಾತ?"

ಅಪ್ಪ ಎರಡೂ ಕೈ ಅಗಲಿಸಿದರು. ಫೋನಿನಲ್ಲಿ ಬರೀ ಎದೆ, ಮುಖ.

"ಕೈ ಕಾಣ್ತಿಲ್ಲ ತಾತ."

ಅಪ್ಪ ಕೈಗಳನ್ನು ಇನ್ನಷ್ಟು ಅಗಲಿಸಿದರು.