ಬೇಸಿಗೆಯಲ್ಲಿ ಬರುವ ಅಭ್ಯರ್ಥಿ, ಮಳೆಗಾಲದಲ್ಲಿ ಬೇಕಾಗುವ ಸಂಕ

ಶಿರಸಿಯಿಂದ ಘಟ್ಟದಂಚಿಗೆ ಇಳಿಯುವ ರಸ್ತೆಯೊಂದರ ಕೊನೆಯಲ್ಲಿ ನಮ್ಮೂರಿದೆ. ಊರೆಂದರೆ ಒಂದೆಡೆ ಕೂಡಿದ ಮನೆಗಳಲ್ಲ; ತೋಟದ ತಲೆಗೊಂದು ಮನೆ, ಕಣಿವೆಗೊಂದು ಕೇರಿ, ನಡುವೆ ಬೆಟ್ಟ ಮತ್ತು ಹಳ್ಳ. ಇಂಥ ಊರಿಗೆ ಅಭ್ಯರ್ಥಿ ಬರುತ್ತಾರೆಂದರೆ ಸೊಸೈಟಿಯ ಅಂಗಳಕ್ಕೆ ಬರುತ್ತಾರೆಂದೇ ಅರ್ಥ, ಏಕೆಂದರೆ ಹತ್ತು ಗಾಡಿ ನಿಲ್ಲಿಸಿ ತಿರುಗಿಸಲು ಜಾಗವಿರುವುದು ಅಲ್ಲಿ ಮಾತ್ರ. ಉಳಿದವರೆಲ್ಲ ಅಲ್ಲಿಗೆ ನಡೆದು ಬರಬೇಕು.

ಇದಕ್ಕೆ ಅಭ್ಯರ್ಥಿಯನ್ನಷ್ಟೇ ದೂರುವುದು ಸರಿಯಲ್ಲ. ಉತ್ತರ ಕನ್ನಡ ಲೋಕಸಭಾ ಕ್ಷೇತ್ರವು ಭಟ್ಕಳದ ಕಡಲತಡಿಯಿಂದ ಹಿಡಿದು ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳವರೆಗೆ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಹರಡಿಕೊಂಡಿದೆ. 2024ರಲ್ಲಿ ನಾಮಪತ್ರ ಹಿಂಪಡೆಯಲು ಕೊನೆಯ ದಿನ ಏಪ್ರಿಲ್ 22 ಆಗಿತ್ತು, ಮತದಾನ ಮೇ 7ಕ್ಕೆ ನಡೆಯಿತು, ಅದು ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲಬೇಕು. ಕಣದಲ್ಲಿ ಯಾರಿದ್ದಾರೆಂದು ಖಚಿತವಾದ ಮೇಲೆ ಉಳಿಯುವುದು ಎರಡು ವಾರವೂ ಅಲ್ಲ. ಅಷ್ಟರಲ್ಲಿ ಕರಾವಳಿಯ ಕೊಪ್ಪಗಳನ್ನೂ ಜೋಯಿಡಾದ ಕಾಡಿನೊಳಗಿನ ಮಜರೆಗಳನ್ನೂ ಸುತ್ತಿ ಬರುತ್ತೇನೆಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಮತದಾರರು 2 ಕಿಲೋಮೀಟರಿಗಿಂತ ದೂರ ನಡೆಯುವಂತಾಗಬಾರದೆಂದು ಚುನಾವಣಾ ಆಯೋಗ ಮತಗಟ್ಟೆಗಳನ್ನು ಗೊತ್ತುಮಾಡುತ್ತದೆ. ಮತಯಂತ್ರ ನಮಗೆ ಎಷ್ಟು ಹತ್ತಿರ ಬರುತ್ತದೋ ಅಷ್ಟು ಹತ್ತಿರ ಅಭ್ಯರ್ಥಿ ಬರಬೇಕೆಂಬ ನಿಯಮ ಮಾತ್ರ ಎಲ್ಲೂ ಇಲ್ಲ.

ಆದರೆ ನನ್ನ ತಕರಾರು ದೂರದ ಬಗ್ಗೆ ಅಲ್ಲ, ಋತುವಿನ ಬಗ್ಗೆ. ನಮ್ಮಲ್ಲಿ 2014ರಲ್ಲಿ ಲೋಕಸಭೆಗೆ ಮತದಾನವಾದದ್ದು ಏಪ್ರಿಲ್ 17ರಂದು, 2019ರಲ್ಲಿ ಏಪ್ರಿಲ್ 23ರಂದು. ವಿಧಾನಸಭೆಗೆ 2018ರಲ್ಲಿ ಮೇ 12ರಂದು, 2023ರಲ್ಲಿ ಮೇ 10ರಂದು. ಹೀಗೆ ವರ್ಷದಲ್ಲಿ ಹಳ್ಳಗಳು ಒಣಗಿ, ಮಣ್ಣಿನ ರಸ್ತೆಯೂ ಗಟ್ಟಿಯಾಗಿ, ಎಲ್ಲಿ ಬೇಕಾದರೂ ಜೀಪು ಇಳಿಸಬಹುದಾದ ನಾಲ್ಕು ವಾರಗಳಲ್ಲೇ ಅಭ್ಯರ್ಥಿಗಳು ನಮ್ಮನ್ನು ನೋಡುತ್ತಾರೆ. ಕುಡಿಯುವ ನೀರಿನ ಕಷ್ಟ ಅವರಿಗೆ ತಟ್ಟನೆ ಅರ್ಥವಾಗುತ್ತದೆ, ಅದು ಕಣ್ಣೆದುರಿಗಿರುತ್ತದೆ. ಅಡಕೆಯ ಕೊಳೆರೋಗಕ್ಕೆ ಮದ್ದು ಹೊಡೆಸಲು ಮಳೆ ಬಿಡುವು ಕೊಡದ ಆಷಾಢವನ್ನಾಗಲಿ, ವಾರಗಟ್ಟಲೆ ಶಾಲೆಗೆ ಹೋಗಲಾಗದ ಮಕ್ಕಳನ್ನಾಗಲಿ ಅವರು ಕಂಡಿರುವುದಿಲ್ಲ. 1999ರ ಚುನಾವಣೆ ಸೆಪ್ಟೆಂಬರಿನಲ್ಲಿ ನಡೆದಿತ್ತು. ಪ್ರಚಾರಕ್ಕೆ ಬಂದವರು ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುತ್ತ ಭಾಷಣ ಕೇಳಿಸಿದರೆಂದು ಅಪ್ಪ ಇಂದಿಗೂ ನಗುತ್ತಾನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಅಭ್ಯರ್ಥಿ ನಮ್ಮ ಸೊಸೈಟಿ ಅಂಗಳಕ್ಕೆ ಬಂದಿದ್ದರು. ಅವರು ಯಾವ ಪಕ್ಷದವರೆಂಬುದು ಇಲ್ಲಿ ಮುಖ್ಯವಲ್ಲ. ಹನ್ನೊಂದಕ್ಕೆಂದು ಹೇಳಿದ್ದ ಸಭೆ ಎರಡಕ್ಕೆ ಶುರುವಾಗಿ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅರಣ್ಯ ಅತಿಕ್ರಮಣ ಸಕ್ರಮದ ಮಾತು ಬಂತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿಗೆ ಸೇರದವರು 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಒದಗಿಸಬೇಕಾದ ತೊಡಕನ್ನು ಅವರು ಚೆನ್ನಾಗಿಯೇ ಬಲ್ಲವರಾಗಿದ್ದರು. ಆಸರಿಗೆ ಕೊಟ್ಟ ಮಜ್ಜಿಗೆ ಕುಡಿದು ಹೊರಡುವಾಗ ಹಳ್ಳದಾಚೆಯ ಕೇರಿಯ ಅಜ್ಜನೊಬ್ಬ ಕಾರಿನ ಬಾಗಿಲು ಹಿಡಿದುಕೊಂಡು, ಇನ್ನೂರು ಮಾರು ನಡೆದು ತಮ್ಮ ಸಂಕವನ್ನು, ಅಂದರೆ ಹಳ್ಳ ದಾಟಲು ಅಡಕೆಮರ ಸೀಳಿ ಕಟ್ಟುವ ಕಾಲುಸೇತುವೆಯನ್ನು, ನೋಡಿಯೇ ಹೋಗಬೇಕೆಂದು ಹಟ ಹಿಡಿದ.

ಅವರು ಬಂದರು, ಅದನ್ನು ಮೆಚ್ಚಬೇಕು. ಹಳ್ಳದಲ್ಲಿ ಪಾದ ತೋಯುವಷ್ಟೂ ನೀರಿರಲಿಲ್ಲ. ದುಂಡು ಕಲ್ಲುಗಳ ಮೇಲೆ ಹಿಂದಿನ ವರ್ಷದ ಎರಡು ಅಡಕೆ ದಬ್ಬೆಗಳು ಗೆದ್ದಲು ಹಿಡಿದು ಬಿದ್ದಿದ್ದವು. "ಯಜಮಾನ್ರೇ, ದಾಟಲಿಕ್ಕೆ ಇಲ್ಲಿ ತೊಂದರೆ ಏನಿದೆ?" ಎಂದು ಅವರು ಕೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ. ಅಜ್ಜ ಕವಳ ಉಗುಳಿ ಬಂದು, "ಕೆಳಗೆ ನೋಡಬೇಡಿ ಸಾಹೇಬ್ರೇ, ಮೇಲೆ ನೋಡಿ" ಎಂದ. ದಂಡೆಯ ಮರದ ಕವಲಿನಲ್ಲಿ, ನಮ್ಮ ತಲೆಗಿಂತ ಒಂದು ಮೊಳ ಮೇಲೆ, ದರಕು, ಕಡ್ಡಿ, ಹರಕು ಗೊಬ್ಬರದ ಚೀಲ ಸಿಕ್ಕಿಕೊಂಡು ಒಣಗಿದ್ದವು. ಕಳೆದ ಮಳೆಗಾಲದ ನೀರು ಅವನ್ನು ಅಲ್ಲಿ ಇಟ್ಟು ಹೋಗಿತ್ತು. ಅಭ್ಯರ್ಥಿ ಒಂದಷ್ಟು ಹೊತ್ತು ಮಾತಾಡಲಿಲ್ಲ. ಆಮೇಲೆ ಮನವಿಪತ್ರವನ್ನು ತಾವೇ ಓದಿ, ಹಳ್ಳದ ಅಗಲ ಎಷ್ಟೆಂದು ಕೇಳಿ, ಅದನ್ನು ಪತ್ರದ ಅಂಚಿನಲ್ಲಿ ಬರೆದುಕೊಂಡರು.

2024ರ ಮತದಾನಕ್ಕೆ ಸರಿಯಾಗಿ 70 ದಿನಗಳಾದ ಮೇಲೆ, ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಕರಾವಳಿ ಸುತ್ತಿದ ಪ್ರಚಾರದ ಗಾಡಿಗಳೆಲ್ಲ ಅದೇ ಗುಡ್ಡದ ಬುಡದಲ್ಲಿ ಹಾದುಹೋಗಿದ್ದವು. ಮೇ ತಿಂಗಳಲ್ಲಿ ಆ ಗುಡ್ಡವನ್ನು ಮೇಲೆ ನೋಡಿ ಎಂದು ಅವರಿಗೆ ಹೇಳುವವರು ಯಾರಾದರೂ ಇದ್ದರೋ ಎಂದು ಆಗ ನನಗೆ ಅನ್ನಿಸಿತ್ತು.

ನಮ್ಮ ಹಳ್ಳದ ಸಂಕದ ಕಾಗದ ಎಲ್ಲಿದೆಯೋ. ಮೇ ಕೊನೆಯಲ್ಲಿ ಕೇರಿಯವರು ಮೂರು ಅಡಕೆಮರ ಕಡಿದು, ಸೀಳಿ, ಬಳ್ಳಿಯಲ್ಲಿ ಬಿಗಿದರು. ಹಿಡಿದುಕೊಳ್ಳಲು ಒಂದು ಬಿದಿರಿನ ಗಳು ಕಟ್ಟಿದರು. ಅಜ್ಜನಿಗೆ ಈಗ ಹಳ್ಳಕ್ಕೆ ಇಳಿಯಲಾಗುವುದಿಲ್ಲ, ದಂಡೆಯ ಮೇಲೆ ಕುಳಿತು ಇನ್ನೂ ಒಂದು ಗಂಟು ಹಾಕಿ ಎಂದು ಹೇಳುತ್ತಿದ್ದ.